ಮೈಯೊಳಗಿನ ಕಾವಲು ತಪ್ಪಿದಾಗ

ಊರಿಗೆ ತಳವಾರನಿದ್ದಂತೆ ನಮ್ಮ ಮೈಯೊಳಗೂ ಕಾವಲುಗಾರರಿದ್ದಾರೆ, ಸೋದರಿಯರೇ. ಬಿಳಿ ರಕ್ತಕಣಗಳೆಂದು ಶಾಲೆಯಲ್ಲಿ ಓದಿದ್ದು ನೆನಪಿರಬೇಕಲ್ಲ? ಅವುಗಳಲ್ಲೇ ಟಿ-ಕಣ ಎಂಬುದೊಂದು ಬಗೆ. ಒಂದೊಂದು ಜೀವಕೋಶವನ್ನೂ ಮುಟ್ಟಿ ನೋಡಿ, ಒಳಗೆ ವೈರಾಣು ಹೊಕ್ಕಿದ್ದರೆ ಆ ಕೋಶವನ್ನೇ ಕೊಂದುಹಾಕುವುದು ಅದರ ಕೆಲಸ.

ಗರ್ಭಚೀಲದ ಬಾಯಿಗೆ ಬರುವ ಕ್ಯಾನ್ಸರಿನಲ್ಲಿ ಈ ಕಾವಲಿನ ಮಾತೇ ಮುಖ್ಯ. ಆ ರೋಗದ ಮೂಲ ಎಚ್‌ಪಿವಿ ಎಂಬ ವೈರಾಣು. ಅದನ್ನು ೧೯೮೩ರಲ್ಲಿ ಗಡ್ಡೆಯೊಳಗೆ ಗುರುತಿಸಿದ ಜರ್ಮನಿಯ ಹರಾಲ್ಡ್ ಟ್ಸೂರ್ ಹೌಸನ್ ಅವರಿಗೆ ೨೦೦೮ರಲ್ಲಿ ನೊಬೆಲ್ ಬಂತು. ಸಂಸಾರ ಮಾಡುವವರಲ್ಲಿ ಬಹಳ ಮಂದಿಗೆ ಇದು ಎಂದಾದರೊಮ್ಮೆ ಅಂಟುತ್ತದೆ. ಅಂಟಿತೆಂದು ಯಾರ ನಡತೆಯನ್ನೂ ಆಡಿಕೊಳ್ಳಬೇಕಾಗಿಲ್ಲ! ೧೦೦ಕ್ಕೆ ೯೦ ಮಂದಿಯಲ್ಲಿ ಕಾವಲುಗಾರರೇ ಎರಡು ವರ್ಷದೊಳಗೆ ಅದನ್ನು ಓಡಿಸಿಬಿಡುತ್ತಾರೆ.

ಉಳಿದವರ ಗತಿ? ಈ ವೈರಾಣು ಬಲು ಕಪಟಿ. ರಕ್ತಕ್ಕೆ ಇಳಿಯುವುದಿಲ್ಲ, ಜ್ವರ ಬರಿಸುವುದಿಲ್ಲ. ಮೇಲ್ಪದರದಲ್ಲೇ ಸದ್ದಿಲ್ಲದೆ ಕೂತಿರುತ್ತದೆ. ೧೫-೨೦ ವರ್ಷ ಕಳೆದ ಮೇಲೆ ಅಲ್ಲಿ ಕ್ಯಾನ್ಸರ್ ಹುಟ್ಟಬಹುದು. ಎಚ್‌ಐವಿಗೆ ಔಷಧ ತೆಗೆದುಕೊಳ್ಳದೆ ಕಾವಲು ಸೊರಗಿದವರಲ್ಲಿ ೫-೧೦ ವರ್ಷವೇ ಸಾಕು. ಹುಟ್ಟಿದ ಗಡ್ಡೆ ಇನ್ನೊಂದು ಆಟ ಹೂಡುತ್ತದೆ. ಟಿ-ಕಣಕ್ಕೊಂದು ಬ್ರೇಕ್ ಇದೆ, ಸಿಕ್ಕಸಿಕ್ಕವರನ್ನೆಲ್ಲ ಬಡಿಯದಿರಲಿ ಎಂದು. ಗಡ್ಡೆ ಅದನ್ನೇ ಅದುಮಿ ಹಿಡಿಯುತ್ತದೆ! ಇಂಥ ಬ್ರೇಕುಗಳನ್ನು ಬಿಡಿಸುವ ದಾರಿ ತೋರಿದ ಜೇಮ್ಸ್ ಆಲಿಸನ್, ತಾಸುಕು ಹೊಂಜೊ ಅವರಿಗೆ ೨೦೧೮ರ ನೊಬೆಲ್ ಸಂದಿತು. ಔಷಧವೂ ಬಂದಿದೆ, ಆದರೆ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ.

ಅದಕ್ಕೇ ಕಳ್ಳನ ಗುರುತನ್ನು ಕಾವಲಿಗೆ ಮೊದಲೇ ಹೇಳಿಕೊಡುವುದು ಲೇಸು. ಲಸಿಕೆ ಮಾಡುವುದು ಅದನ್ನೇ. ಅದರಲ್ಲಿರುವುದು ವೈರಾಣುವಿನ ಬರಿ ಸಿಪ್ಪೆಯಂಥದು, ಒಳಗೆ ಕಾಳಿಲ್ಲ. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್‌ಗೆ ೨೦೨೨ರಲ್ಲಿ ಒಪ್ಪಿಗೆ ಸಿಕ್ಕಿತು. ೯ರಿಂದ ೧೪ ವಯಸ್ಸಿನ ಹುಡುಗಿಯರಿಗೆ ಹಾಕಿಸಿದರೆ ಹೆಚ್ಚು ಫಲ. ಈಗಾಗಲೇ ಅಂಟಿದ್ದನ್ನು ಅದು ತೆಗೆಯದು. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೇವೆಂದು ಮಾರುವ ಪುಡಿ, ಲೇಹ್ಯಗಳೂ ತೆಗೆಯವು. ಇಂಡಿಯ ಲಿಂಬೆಹಣ್ಣಿನ ಪಾನಕ ಬಿಸಿಲಿಗೆ ಹಿತವೇ, ಕುಡಿಯಿರಿ. ಕ್ಯಾನ್ಸರಿಗೆ ಅದು ಮದ್ದಲ್ಲ.

ಇನ್ನು ನಾವು, ೩೦ ದಾಟಿದವರು, ತಪಾಸಣೆ ಮಾಡಿಸಿಕೊಳ್ಳಬೇಕು. ಗರ್ಭಚೀಲದ ಬಾಯಿಗೆ ವಿನೆಗರಿನಂಥ ತಿಳಿ ದ್ರಾವಣ ಹಚ್ಚುತ್ತಾರೆ. ಕೆಟ್ಟ ಜಾಗವಿದ್ದರೆ ಸ್ವಲ್ಪ ಹೊತ್ತಿನಲ್ಲೇ ಬೆಳ್ಳಗೆ ಕಾಣುತ್ತದೆ. ಕೊಯ್ಯುವುದಿಲ್ಲ, ಮಂಪರು ಬರಿಸುವುದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯವರು ತಾಲ್ಲೂಕು ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರನ್ನೇ ಕೇಳಿ ನೋಡಿ. ನಾಚಿಕೆಯಾದರೆ ಅಕ್ಕನನ್ನೋ ಓರಗಿತ್ತಿಯನ್ನೋ ಜೊತೆಗೆ ಕರೆದುಕೊಂಡು ಹೋಗಿ. ಮುಟ್ಟು ನಿಂತು ವರ್ಷವಾದ ಮ್ಯಾಲೆ ಮತ್ತೆ ರಕ್ತ ಕಂಡರೆ, ಗಂಡ-ಹೆಂಡಿರು ಕೂಡಿದ ಮೇಲೆ ರಕ್ತ ಬಂದರೆ, ಬಿಳಿಸೆರಗು ನಾತ ಹೊಡೆದರೆ, ಅದೇ ವಾರ ಹೋಗಿ. ಕ್ಯಾನ್ಸರೇ ಎಂದು ಗೊತ್ತಾದರೂ ಚಿಕಿತ್ಸೆಗೆ ಬೆಂಗಳೂರಿನವರೆಗೇ ಹೋಗಬೇಕೆಂದಿಲ್ಲ, ಕಿದ್ವಾಯಿ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲೂ ಇದೆ.