ಹರಾಜಿನಲ್ಲಿ ಅಗ್ಗ, ಸಾಗಣೆಯಲ್ಲಿ ದುಬಾರಿ

ಹಳೆಯ ರೋಸ್ಟರ್, ತೇವಾಂಶ ಮಾಪಕ, ಪಲ್ಪರಿನ ಬಿಡಿಭಾಗಗಳು ಪೇಟೆಯಲ್ಲಿ ದೊರೆಯದಿದ್ದಾಗ ಚಿಕ್ಕಮಗಳೂರು, ಮೂಡಿಗೆರೆ, ಕಳಸ ಭಾಗದ ಕಿರು ಉದ್ಯಮಿಗೆ ಅಂತರಜಾಲದ ಹರಾಜು ಒಂದು ಮಾರ್ಗ. ಆದರೆ ಅಲ್ಲಿ ಕೂಗಿದ ಬೆಲೆಯೇ ಖರೀದಿ ಬೆಲೆಯಲ್ಲ. ಸಾಗಣೆ ವೆಚ್ಚವೂ ಸೇರಿದ ಮೊತ್ತವೇ ನಿಜವಾದ ಬೆಲೆ.

ಈ ತಂತ್ರ ಹಳೆಯದು. ಈಬೇ ತಾಣವು ಮೊದಲು ವಸ್ತುವಿನ ಬೆಲೆಯ ಮೇಲೆ ಮಾತ್ರ ಕಮಿಷನ್ ಪಡೆಯುತ್ತಿತ್ತು. ಕೆಲವು ಮಾರಾಟಗಾರರು ಬೆಲೆ ತಗ್ಗಿಸಿ, ಸಾಗಣೆ ವೆಚ್ಚ ಏರಿಸಿ, ಕಮಿಷನ್ ಉಳಿಸಿಕೊಂಡರು. 2011ರಲ್ಲಿ ಅಮೆರಿಕದಲ್ಲಿ ಸಾಗಣೆ ಮೊತ್ತಕ್ಕೂ ಕಮಿಷನ್ ವಿಧಿಸಿದ ಮೇಲೆ ಆ ಲಾಭ ಕುಗ್ಗಿತು. 2004ರಲ್ಲಿ ಬಾಜೀ ಡಾಟ್ ಕಾಮ್ ಅನ್ನು ಕೊಂಡು ಭಾರತಕ್ಕೆ ಬಂದ ಈಬೇಯ ಇಲ್ಲಿನ ತಾಣ 2018ರಲ್ಲಿ ಮುಚ್ಚಿತು. ತಂತ್ರ ಮಾತ್ರ ಉಳಿಯಿತು.

ಉದಾಹರಣೆಗೆ, ಒಬ್ಬರಲ್ಲಿ ಬಿಡಿಭಾಗಕ್ಕೆ 1,200 ರೂ., ಸಾಗಣೆಗೆ 900 ರೂ.; ಇನ್ನೊಬ್ಬರಲ್ಲಿ ಸಾಗಣೆ ಸೇರಿ 1,800 ರೂ. ಎಂದಿರಲಿ. ಅಗ್ಗವೆಂದು ಕಂಡದ್ದು 300 ರೂ. ದುಬಾರಿ. ಸರಕು ಹಿಂದಿರುಗಿಸಿದಾಗ ಸಾಗಣೆ ಹಣ ಮರಳದಿದ್ದರೆ ನಷ್ಟ 900 ರೂ.

ಹೆಚ್ಚಿನ ವೆಚ್ಚವೆಲ್ಲವೂ ಅನ್ಯಾಯವಲ್ಲ. ಕೊರಿಯರ್ ಸಂಸ್ಥೆಗಳು ಗಾತ್ರವನ್ನೂ ತೂಕವಾಗಿ ಲೆಕ್ಕಿಸುತ್ತವೆ: ಉದ್ದ, ಅಗಲ, ಎತ್ತರಗಳನ್ನು ಸೆಂ.ಮೀ.ನಲ್ಲಿ ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತವೆ. 40, 30, 20 ಸೆಂ.ಮೀ. ಅಳತೆಯ ಪೆಟ್ಟಿಗೆಯಲ್ಲಿ 2 ಕಿ.ಗ್ರಾಂ. ಸರಕಿದ್ದರೂ ದರ 4.8 ಕಿ.ಗ್ರಾಂ.ಗೆ. ಆದ್ದರಿಂದ ಅಳತೆ ಕೇಳಿ ಲೆಕ್ಕ ಹಾಕಿದ ನಂತರವೇ ಆಕ್ಷೇಪಿಸುವುದು ಲೇಸು.

2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ ತಾಣದ ಮೂಲಕ ಮಾರುವವರು ಸಾಗಣೆ ಮತ್ತು ತೆರಿಗೆಗಳ ವಿವರದೊಡನೆ ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ ತಿಳಿಸಬೇಕು. ವೆಚ್ಚವನ್ನು ಕೊನೆಗೆ ಹೊರಗೆಡಹುವುದನ್ನು 2023ರ ಮಾರ್ಗಸೂಚಿಗಳು ವಂಚಕ ವಿನ್ಯಾಸಗಳ ಪಟ್ಟಿಗೆ ಸೇರಿಸಿವೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಇಲ್ಲೊಂದು ಎಚ್ಚರಿಕೆ ಅಗತ್ಯ. 2019ರ ಅಧಿನಿಯಮದಡಿ ಮರುಮಾರಾಟಕ್ಕೆ ಅಥವಾ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ‘ಗ್ರಾಹಕ’ರಲ್ಲ, ಸ್ವಯಂ ಉದ್ಯೋಗದಿಂದ ಜೀವನ ಸಾಗಿಸಲೆಂದೇ ಕೊಂಡವರಿಗೆ ಮಾತ್ರ ವಿನಾಯಿತಿ. ಉಳಿದ ವರ್ತಕರಿಗೆ ಖರೀದಿಯ ಷರತ್ತುಗಳೇ ಆಸರೆ. ಅವರು ಕೂಗುವ ಮುನ್ನವೇ ಸಾಗಣೆ ವೆಚ್ಚ, ವಿಮೆ, ಹಿಂದಿರುಗಿಸುವ ವೆಚ್ಚ ಯಾರದೆಂಬುದನ್ನು ಲಿಖಿತವಾಗಿ ಪಡೆದು, ಪುಟದ ಪ್ರತಿ ತೆಗೆದಿಡಬೇಕು.

ಮಾರಾಟಗಾರ ವಿಧಿಸುವ ಸಾಗಣೆ ವೆಚ್ಚವೂ ಜಿ.ಎಸ್.ಟಿ.ಯ ತೆರಿಗೆ ಮೌಲ್ಯಕ್ಕೆ ಸೇರುತ್ತದೆ. ನೋಂದಾಯಿತ ವರ್ತಕರು ತಮ್ಮ ಜಿ.ಎಸ್.ಟಿ. ಸಂಖ್ಯೆಯುಳ್ಳ ಬಿಲ್ಲನ್ನು ಕೇಳಿ ಪಡೆಯದಿದ್ದರೆ ಹೂಡುವಳಿ ತೆರಿಗೆ ಜಮೆಯೂ ಕೈತಪ್ಪುತ್ತದೆ.

ಕೂಗಿನ ಮಿತಿಯನ್ನು ಸರಕು ಅಂಗಡಿಯ ಬಾಗಿಲಿಗೆ ತಲುಪುವ ವೆಚ್ಚದ ಮೇಲೆ ನಿಗದಿಪಡಿಸುವವರಿಗೆ ಈ ಹರಾಜುಗಳು ಲಾಭದಾಯಕವಾಗಬಲ್ಲವು.