ಮೌಂಟೇನ್ ಬೈಕಿಗೆ ಡಿಸ್ಕ್ ಬ್ರೇಕ್: ಮೊದಲು ನೋಡಬೇಕಾದ ಎರಡು ತೂತುಗಳು

ಓಡುತ್ತಿರುವ ಸೈಕಲ್ಲನ್ನು ನಿಲ್ಲಿಸುವುದೆಂದರೆ ಅದರ ಚಲನಶಕ್ತಿಯನ್ನು ಘರ್ಷಣೆಯ ಮೂಲಕ ಶಾಖವಾಗಿಸಿ ಗಾಳಿಗೆ ಬಿಡುವುದೆಂದೇ ಅರ್ಥ. ಸವಾರನೂ ಸೈಕಲ್ಲೂ ಸೇರಿ 90 ಕಿಲೋಗ್ರಾಂ ತೂಗುತ್ತಿದ್ದು, ವೇಗ ಗಂಟೆಗೆ 25 ಕಿಲೋಮೀಟರ್ ಇದ್ದರೆ, ಒಮ್ಮೆ ನಿಲ್ಲುವಷ್ಟರಲ್ಲಿ ಸುಮಾರು 2,170 ಜೂಲ್ ಶಕ್ತಿ ಹೀಗೆ ಶಾಖವಾಗಬೇಕಾಗುತ್ತದೆ. ಈ ಕೆಲಸ ಚಕ್ರದ ಅಂಚಿನಲ್ಲಿ ನಡೆದರೆ ಅದು ರಿಮ್ ಬ್ರೇಕ್. ಚಕ್ರದ ನಡುವಿನ ಹಬ್ಬಿಗೆ ಬಿಗಿದ ಉಕ್ಕಿನ ತಟ್ಟೆಯ ಮೇಲೆ, ಅಂದರೆ ರೋಟರಿನ ಮೇಲೆ ನಡೆದರೆ ಅದು ಡಿಸ್ಕ್ ಬ್ರೇಕ್. ಬ್ರಿಟಿಷ್ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದರೂ, 1953ರ ಲ ಮಾನ್ ಓಟದಲ್ಲಿ ಜಾಗ್ವಾರ್ ಕಾರುಗಳು ಡಿಸ್ಕ್ ಬ್ರೇಕಿನೊಡನೆ ಗೆದ್ದ ಮೇಲೆಯೇ ಅದರ ಹಿರಿಮೆ ಲೋಕಕ್ಕೆ ಮನದಟ್ಟಾಯಿತು. ಮೌಂಟೇನ್ ಬೈಕುಗಳಲ್ಲಿ ಅದು ರೂಢಿಗೆ ಬಂದದ್ದು ಮತ್ತೆ ನಾಲ್ಕು ದಶಕಗಳ ನಂತರ.

ಲೆಕ್ಕವನ್ನಷ್ಟೇ ನೋಡಿದರೆ ರಿಮ್ ಬ್ರೇಕೇ ಮೇಲು ಎನ್ನಿಸಬಹುದು. ಬಾಗಿಲನ್ನು ತಿರುಗಣಿಯ ಬಳಿ ತಳ್ಳುವುದಕ್ಕಿಂತ ಹಿಡಿಯ ಬಳಿ ತಳ್ಳುವುದು ಹಗುರವಾಗಿರುವಂತೆ, ಅಕ್ಷದಿಂದ ದೂರವಿದ್ದಷ್ಟೂ ಅದೇ ಬಲಕ್ಕೆ ಹೆಚ್ಚು ತಿರುಗಿಸುವ ಸಾಮರ್ಥ್ಯ, ಅಂದರೆ ಟಾರ್ಕ್, ದೊರೆಯುತ್ತದೆ. 26 ಇಂಚಿನ ಚಕ್ರದಲ್ಲಿ ರಿಮ್ ಬ್ರೇಕಿನ ರಬ್ಬರ್ ಕಟ್ಟೆ ಅಕ್ಷದಿಂದ ಸುಮಾರು 27 ಸೆಂಟಿಮೀಟರ್ ದೂರದಲ್ಲಿ ಒತ್ತುತ್ತದೆ. 160 ಮಿಲಿಮೀಟರ್ ವ್ಯಾಸದ ರೋಟರಿನಲ್ಲಿ ಆ ದೂರ ಏಳು ಸೆಂಟಿಮೀಟರಿನ ಆಸುಪಾಸು. ಆದ್ದರಿಂದ ಅದೇ ಪರಿಣಾಮಕ್ಕೆ ಡಿಸ್ಕ್ ಬ್ರೇಕು ಮೂರೂವರೆ ಪಟ್ಟಿಗೂ ಹೆಚ್ಚಿನ ಘರ್ಷಣಬಲವನ್ನು ಹುಟ್ಟಿಸಬೇಕಾಗುತ್ತದೆ. ಆದರೆ ರಿಮ್ ನೆಲಕ್ಕೆ ಹತ್ತಿರ. ದಾರಿಯ ನೀರು, ಮರಳು, ಕೆಸರು ಮೊದಲು ಮೆತ್ತುವುದು ಅದಕ್ಕೇ. ಒದ್ದೆಯಾದ ರಿಮ್ಮಿನ ಮೇಲೆ ರಬ್ಬರ್ ಕಟ್ಟೆ ಮೊದಲು ನೀರಿನ ಪದರವನ್ನು ಒರೆಸಿ, ಆಮೇಲಷ್ಟೇ ಹಿಡಿಯುತ್ತದೆ. ಒರೆಸುವುದರಲ್ಲಿ ಚಕ್ರದ ಎರಡು ಸುತ್ತು ಕಳೆದರೂ ಸೈಕಲ್ ನಾಲ್ಕು ಮೀಟರ್ ಮುಂದೆ ಹೋಗಿರುತ್ತದೆ. ಹಬ್ಬಿನ ಬಳಿ, ಕೆಸರಿನಿಂದ ಮೇಲಿರುವ ರೋಟರಿಗೆ ತೂತುಗಳಿದ್ದು, ಗಟ್ಟಿಯಾದ ಪ್ಯಾಡುಗಳು ಅದನ್ನು ಬಹು ಹತ್ತಿರದಿಂದ ಅಮುಕುವುದರಿಂದ ನೀರು ಬೇಗನೆ ಸರಿದುಹೋಗುತ್ತದೆ.

ಈ ಗುಣ ಎಲ್ಲಿ ಎಷ್ಟು ಬೇಕು ಎಂಬುದನ್ನು ನೆಲವೇ ಹೇಳುತ್ತದೆ. ಅಮೆರಿಕದ ಟೆಕ್ಸಾಸ್ ರಾಜ್ಯವನ್ನೇ ನೋಡಿ: ಉದ್ಯಮಿ ಜಾರ್ಜ್ ಮಿಚೆಲ್ 1974ರಲ್ಲಿ ಹ್ಯೂಸ್ಟನ್ನಿನ ಉತ್ತರಕ್ಕೆ ಪೈನ್ ಕಾಡಿನ ನಡುವೆ ಕಟ್ಟಿದ ದ ವುಡ್‌ಲ್ಯಾಂಡ್ಸ್ ಬಡಾವಣೆಯಲ್ಲಿ ನಡೆಯುವವರಿಗೂ ಸೈಕಲ್ಲಿನವರಿಗೂ 200 ಮೈಲಿಗೂ ಹೆಚ್ಚಿನ ಹಾದಿಗಳಿವೆ. ದಕ್ಷಿಣದ ಅಂಚಿನಲ್ಲಿ, ಸ್ಪ್ರಿಂಗ್ ಕ್ರೀಕ್ ತೊರೆಯ ಮಗ್ಗುಲಿಗೆ, ಅವನದೇ ಹೆಸರಿನ ನಿಸರ್ಗಧಾಮದಲ್ಲಿ ಮಣ್ಣಿನ ಕಾಡುದಾರಿಗಳಿವೆ. ಇಲ್ಲಿ ಬೆಟ್ಟಗಳಿಲ್ಲ, ಆದ್ದರಿಂದ ಡಿಸ್ಕ್ ಬ್ರೇಕೇಕೆ ಎಂದು ಕೇಳಬಹುದು. ಆದರೆ ವರ್ಷಕ್ಕೆ ಸುಮಾರು 1,250 ಮಿಲಿಮೀಟರ್ ಮಳೆ, ಅಂದರೆ ಬೆಂಗಳೂರಿಗಿಂತ ಹೆಚ್ಚಿನ ಮಳೆ ಬೀಳುವ ಈ ಸೀಮೆಯಲ್ಲಿ ತೊರೆಯ ಮರಳು ಒದ್ದೆ ರಿಮ್ಮಿಗೆ ಅಂಟಿ, ಪ್ರತಿ ಬಾರಿ ಬ್ರೇಕ್ ಹಿಡಿದಾಗಲೂ ಅದರ ಅಲ್ಯೂಮಿನಿಯಮ್ ಗೋಡೆಯನ್ನು ಉಪ್ಪುಕಾಗದದಂತೆ ಉಜ್ಜಿ ಸವೆಸುತ್ತದೆ. ಡಲ್ಲಾಸಿನ ಸುತ್ತಲಿನ ಕಪ್ಪು ಜೇಡಿಮಣ್ಣು ಧಾರವಾಡ, ಗದಗಿನ ಎರೆಮಣ್ಣಿನ ಜಾತಿಯದೇ: ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಯಲ್ಲಿ ಉಬ್ಬಿ ಚಕ್ರಕ್ಕೆ ಮೆತ್ತಿಕೊಂಡು ರಿಮ್ ಬ್ರೇಕಿನ ತೋಳುಗಳ ನಡುವೆ ಗಟ್ಟಿಯಾಗಿ ಕೂರುತ್ತದೆ. ಆಸ್ಟಿನ್ನಿನ ಬಾರ್ಟನ್ ಕ್ರೀಕ್ ಕಣಿವೆಯ ಸುಣ್ಣಕಲ್ಲಿನ ಇಳಿಜಾರುಗಳಲ್ಲಿ ಮಾತ್ರ ಶಾಖದ ಪ್ರಶ್ನೆ ಮುಂದೆ ಬರುತ್ತದೆ. ಮೇಲೆ ಹೇಳಿದ ತೂಕ 50 ಮೀಟರ್ ಎತ್ತರದಿಂದ ಬ್ರೇಕ್ ಹಿಡಿದುಕೊಂಡೇ ಇಳಿದರೆ ಸುಮಾರು 44,000 ಜೂಲ್, ಅಂದರೆ ಒಂದು ನಿಲುಗಡೆಯ ಇಪ್ಪತ್ತು ಪಟ್ಟು ಶಕ್ತಿ ಶಾಖವಾಗುತ್ತದೆ. ರಿಮ್ ಬ್ರೇಕಿನಲ್ಲಿ ಈ ಶಾಖ ಟ್ಯೂಬಿನ ಪಕ್ಕದಲ್ಲೇ ಸೇರುತ್ತದೆ, ಡಿಸ್ಕ್ ಬ್ರೇಕಿನಲ್ಲಿ ಗಾಳಿಗೆ ಒಡ್ಡಿದ ತಟ್ಟೆಯಲ್ಲಿ.

ಹಳೆಯ ಸೈಕಲ್ಲಿಗೆ ಮನೆಯಲ್ಲಿಯೇ ಡಿಸ್ಕ್ ಬ್ರೇಕ್ ಹಾಕಬಹುದೇ ಎಂಬ ಪ್ರಶ್ನೆಗೆ ಉತ್ತರ ಅಂಗಡಿಯಲ್ಲಿಲ್ಲ, ಸೈಕಲ್ಲಿನ ಎಡಭಾಗದಲ್ಲಿದೆ. ರೋಟರನ್ನು ಅಮುಕುವ ಕ್ಯಾಲಿಪರ್ ಎಂಬ ಚಿಮಟವನ್ನು ಬಿಗಿಯಲು ಹಿಂಬದಿಯ ಎಡ ಕೊಳವೆಯ ತುದಿಯಲ್ಲೂ ಮುಂದಿನ ಫೋರ್ಕಿನ ಎಡಗಾಲಿನಲ್ಲೂ ಎರಡೆರಡು ತೂತುಗಳಿರಬೇಕು. ಅವುಗಳ ನಡುವಿನ ಅಂತರ 51 ಮಿಲಿಮೀಟರ್ ಇದ್ದರೆ ಅದು ಒಂದು ಮಾದರಿ, ಸುಮಾರು 74 ಮಿಲಿಮೀಟರ್ ಇದ್ದರೆ ಇನ್ನೊಂದು, ಒಂದಕ್ಕೆ ಮಾಡಿದ ಕ್ಯಾಲಿಪರನ್ನು ಇನ್ನೊಂದಕ್ಕೆ ಕೂರಿಸಲು ಅಡಾಪ್ಟರ್ ಬೇಕು. ಹಬ್ಬಿನಲ್ಲಿಯೂ ರೋಟರನ್ನು ಹಿಡಿಯುವ ಆರು ಬೋಲ್ಟುಗಳ ತೂತುಗಳೋ ಹಲ್ಲುಗಳ ಜೋಡಣೆಯೋ ಇರಬೇಕು. ಇಲ್ಲವಾದರೆ ಚಕ್ರಗಳನ್ನೇ ಬದಲಾಯಿಸಬೇಕಾಗುತ್ತದೆ. ತೂತುಗಳೇ ಇಲ್ಲದ ಚೌಕಟ್ಟಿಗೆ ಪಟ್ಟಿ ಕಟ್ಟಿ ಕ್ಯಾಲಿಪರ್ ನಿಲ್ಲಿಸುವುದು ಅಪಾಯಕರ, ಏಕೆಂದರೆ ರಿಮ್ ಬ್ರೇಕಿಗೆಂದು ಮಾಡಿದ ತೆಳುಕೊಳವೆಯ ಒಂದೇ ಮಗ್ಗುಲಿಗೆ ಆಗ ನಿಲುಗಡೆಯ ಇಡೀ ಭಾರ ಬೀಳುತ್ತದೆ. ಮುಂದಿನ ಚಕ್ರದಲ್ಲಿ ಇನ್ನೊಂದು ಸೂಕ್ಷ್ಮವಿದೆ: ಫೋರ್ಕಿನ ಹಿಂದಿರುವ ಕ್ಯಾಲಿಪರಿನ ಬಳಿ ರೋಟರ್ ಮೇಲಕ್ಕೆ ಸಾಗುತ್ತಿರುತ್ತದೆ, ಪ್ಯಾಡುಗಳು ಅದನ್ನು ಕೆಳಕ್ಕೆ ಎಳೆಯುತ್ತವೆ, ಫೋರ್ಕಿನಲ್ಲಿ ಅಕ್ಷ ಕೂರುವ ಸೀಳುಗಳು ಕೆಳಮುಖವಾಗಿ ತೆರೆದಿದ್ದರೆ ಈ ಸೆಳೆತ ಅಕ್ಷವನ್ನು ಹೊರಕ್ಕೆ ದಬ್ಬುವ ಕಡೆಗೇ ಇರುವುದರಿಂದ ಅಕ್ಷವನ್ನು ಪ್ರತಿ ಸವಾರಿಗೂ ಮುನ್ನ ಬಿಗಿದು ಪರೀಕ್ಷಿಸಬೇಕು.

ಬೇಕಾದ ತೂತುಗಳೆಲ್ಲ ಇದ್ದರೆ ಎರಡು ದಾರಿಗಳಿವೆ. ಕೇಬಲ್ ಎಳೆಯುವ ಡಿಸ್ಕ್ ಬ್ರೇಕಿನಲ್ಲಿ ಮೌಂಟೇನ್ ಬೈಕಿಗೆಂದೇ ಮಾಡಿದ ಕ್ಯಾಲಿಪರನ್ನು ಆರಿಸಿದರೆ ವಿ-ಬ್ರೇಕ್ ಎಂಬ ರಿಮ್ ಬ್ರೇಕಿನ ಹಳೆಯ ಲಿವರುಗಳನ್ನೇ ಉಳಿಸಿಕೊಳ್ಳಬಹುದು. ಹೈಡ್ರಾಲಿಕ್ ಬ್ರೇಕಿನಲ್ಲಿ ಕೇಬಲಿನ ಬದಲು ದ್ರವವಿರುತ್ತದೆ. ಮುಚ್ಚಿದ ದ್ರವದ ಮೇಲಿನ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬ ಪ್ಯಾಸ್ಕಲನ ನಿಯಮದಂತೆ, ಲಿವರಿನ ಬಳಿಯ ಪಿಸ್ಟನ್ 10 ಮಿಲಿಮೀಟರ್, ಕ್ಯಾಲಿಪರಿನದು 22 ಮಿಲಿಮೀಟರ್ ವ್ಯಾಸದ್ದಾದರೆ ಅದನ್ನು ಒತ್ತುವ ಬಲ ಸುಮಾರು 4.8 ಪಟ್ಟಾಗುತ್ತದೆ. ಕೆಲವು ಬ್ರೇಕುಗಳು ಮಿನರಲ್ ಆಯಿಲ್, ಕೆಲವು ಡಾಟ್ ದ್ರವ ಬಳಸುತ್ತವೆ; ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಒಳಗಿನ ರಬ್ಬರ್ ಬಳೆಗಳು ಕೆಡುತ್ತವೆ.

ಜೋಡಣೆಯಲ್ಲಿ ಶ್ರಮಕ್ಕಿಂತ ತಾಳ್ಮೆ ಹೆಚ್ಚು ಬೇಕು. ರೋಟರಿನ ಆರು ಬೋಲ್ಟುಗಳನ್ನು ಸಾಲಾಗಿ ಬಿಗಿಯದೆ, ಒಂದಾದ ಮೇಲೆ ಅದರ ಎದುರಿನದನ್ನು ಸ್ವಲ್ಪಸ್ವಲ್ಪವಾಗಿ ಬಿಗಿದರೆ ತಟ್ಟೆ ಓರೆಯಾಗದು. ಕ್ಯಾಲಿಪರಿನ ಬೋಲ್ಟುಗಳನ್ನು ಸಡಿಲವಾಗಿಟ್ಟು ಹೈಡ್ರಾಲಿಕ್ ಲಿವರನ್ನು ಅಮುಕಿ ಹಿಡಿದರೆ ಕ್ಯಾಲಿಪರ್ ತಾನಾಗಿ ರೋಟರಿನ ನಡುವಿಗೆ ಸರಿಯುತ್ತದೆ; ಹಿಡಿತ ಬಿಡದೆ ಅವನ್ನು ಬಿಗಿದು ಚಕ್ರ ತಿರುಗಿಸಿದಾಗ ಉಜ್ಜುವ ಸದ್ದು ಕೇಳಬಾರದು. ಚಕ್ರ ಕಳಚಿರುವಾಗ ಮಾತ್ರ ಆ ಲಿವರನ್ನು ಅಮುಕಬಾರದು, ಪ್ಯಾಡುಗಳು ಒಂದಕ್ಕೊಂದು ಅಂಟಿಕೊಂಡಂತಾಗುತ್ತವೆ. ರೋಟರಿನ ಮೇಲೆ ಬೆರಳಿನ ಜಿಡ್ಡಾಗಲಿ ಚೈನಿನ ಎಣ್ಣೆಯಾಗಲಿ ತಾಗಿದರೆ ಹಿಡಿತ ಕುಂದುವುದರಿಂದ ಅದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಬೇಕು. ಆಮೇಲೆ ಬಯಲಿನಲ್ಲಿ ಮಧ್ಯಮ ವೇಗದಿಂದ ಇಪ್ಪತ್ತರಷ್ಟು ಬಾರಿ, ಚಕ್ರ ಜಾಮಾಗದಂತೆ, ನಿಧಾನಗೊಳಿಸುತ್ತ ಬಂದರೆ ಪ್ಯಾಡಿನ ವಸ್ತುವಿನ ತೆಳುಪದರವೊಂದು ತಟ್ಟೆಯ ಮೇಲೆ ಸಮನಾಗಿ ಕೂತು ಬ್ರೇಕ್ ಪೂರ್ಣ ಹಿಡಿತಕ್ಕೆ ಬರುತ್ತದೆ. ಶಿಮಾನೊ ರೋಟರುಗಳು ಹೊಸದರಲ್ಲಿ 1.8 ಮಿಲಿಮೀಟರ್ ದಪ್ಪವಿದ್ದು, 1.5ಕ್ಕೆ ಸವೆದಾಗ ಬದಲಾಯಿಸಬೇಕಾಗುತ್ತದೆ.

ಬ್ರೇಕ್ ಎಷ್ಟೇ ಬಲವಾಗಿದ್ದರೂ ಕೊನೆಗೆ ಸೈಕಲ್ಲನ್ನು ನಿಲ್ಲಿಸುವುದು ಟೈರಿಗೂ ನೆಲಕ್ಕೂ ನಡುವಿನ ಘರ್ಷಣೆ. ಒದ್ದೆ ಪೈನ್ ಎಲೆಗಳ ಮೇಲೆ ಟೈರ್ ಜಾರಿದರೆ ರೋಟರಿನಿಂದ ಏನೂ ಆಗದು. ಡಿಸ್ಕ್ ಬ್ರೇಕ್ ಕೊಡುವುದು ಬಿಸಿಲಿನಲ್ಲೂ ಮಳೆಯಲ್ಲೂ ಬೆರಳಿಗೆ ಒಂದೇ ತೆರನಾಗಿ ಸಿಗುವ ಹಿಡಿತವನ್ನು. ಅದಕ್ಕೆಂದು ಮಾಡಿದ ಫ್ರೇಮ್, ಫೋರ್ಕ್, ಹಬ್ಬು ಮೂರೂ ಇದ್ದವರು ಈ ಬದಲಾವಣೆಯನ್ನು ಮನೆಯಲ್ಲಿ ಧೈರ್ಯವಾಗಿ ಮಾಡಿಕೊಳ್ಳಬಹುದು. ಇಲ್ಲದವರು ಆ ಹಣದಲ್ಲಿ ಒಳ್ಳೆಯ ರಬ್ಬರ್ ಕಟ್ಟೆಗಳನ್ನೂ ಹೊಸ ಕೇಬಲನ್ನೂ ಹಾಕಿಸಿ, ಉಳಿದುದನ್ನು ಮುಂದಿನ ಸೈಕಲ್ಲಿಗೆ ಎತ್ತಿಡುವುದೇ ಲೇಸು.