ಇಟಗಿಯ ‘ದೇವಾಲಯ ಚಕ್ರವರ್ತಿ’

ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯಕ್ಕೆ ಹೋದವರು ಗರ್ಭಗುಡಿಗೆ ಅವಸರ ಮಾಡದೆ ಮುಖಮಂಟಪದ ಒಂದು ಕಂಬದ ಸುತ್ತ ನಿಧಾನವಾಗಿ ಬರಬೇಕು. ಚೌಕನೆಯ ಪೀಠದ ಮೇಲೆ ಘಂಟಾಕಾರದ ನಡುಭಾಗ, ಅದರ ಮೇಲೂ ಕೆಳಗೂ ಒಂದರ ಮೇಲೊಂದು ತೆಳುವಾದ ಬಳೆಗಳು. ಎಲ್ಲವೂ ಕಲ್ಲು. ಒಂಬೈನೂರು ವರ್ಷಗಳಾದರೂ ಮೈಯ ನುಣುಪು ಹೋಗಿಲ್ಲ.

ಇದು ಬಳಪದ ಕಲ್ಲಿನ ಗುಣ. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಮೈಯೊಡ್ಡಿದಂತೆ ಗಟ್ಟಿಯಾಗುತ್ತದೆ. ಹಾಗಾಗಿ ಕಲ್ಲನ್ನು ತಿರುಗಿಸುತ್ತ ಉಳಿಯಿಂದ ಕಡೆಯುವುದು ಸಾಧ್ಯವಾಯಿತು. ಬಾದಾಮಿ, ಐಹೊಳೆಗಳ ಮರಳುಗಲ್ಲು ಇಷ್ಟು ಸೂಕ್ಷ್ಮ ಕೆಲಸಕ್ಕೆ ಒಗ್ಗುವುದಿಲ್ಲ. ಈ ಮಂಟಪದಲ್ಲಿ ಮೂಲತಃ 68 ಕಂಬಗಳಿದ್ದವು. 26 ದೊಡ್ಡ ಕಂಬಗಳು ನಡುವಿನ ಚಪ್ಪಟೆ ಛಾವಣಿಯನ್ನು ಹೊತ್ತಿದ್ದರೆ, ಉಳಿದ ಗಿಡ್ಡ ಕಂಬಗಳು ಅಂಚಿನ ಜಗಲಿಯ ಮೇಲೆ ನಿಂತು ಇಳಿಜಾರು ಸೂರಿಗೆ ಆಸರೆಯಾಗಿವೆ.

ಕಟ್ಟಿಸಿದವನು ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಕ್ರಿ.ಶ. 1112ರ ಕನ್ನಡ ಶಾಸನ ಇದನ್ನು ‘ದೇವಾಲಯ ಚಕ್ರವರ್ತಿ’ ಎಂದು ಹೊಗಳಿದೆ. ಈ ದಂಡನಾಯಕ ತಂದೆ ಮೂರ್ತಿನಾರಾಯಣ, ತಾಯಿ ಚಂದ್ರಲೇಶ್ವರಿಯರ ಹೆಸರಿನಲ್ಲೂ ಇಲ್ಲಿಯೇ ಗುಡಿ ಕಟ್ಟಿಸಿದ. ದೊಡ್ಡ ಗುಡಿಯ ಸುತ್ತ ಹದಿಮೂರು ಚಿಕ್ಕ ಲಿಂಗದ ಗುಡಿಗಳಿದ್ದವು. ಮುಂದೆ ಮೆಟ್ಟಿಲುಗಳ ಪುಷ್ಕರಣಿ.

ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ಗುಡಿಯ ಹಳಮೆಯ ಬಗ್ಗೆ ಹೆಮ್ಮೆಯಿಂದ ಹೇಳಿದರು: “ಬೇಲೂರಕಿಂತ ಐದು ವರ್ಷ ಮೊದ್ಲ ಆಗೈತ್ರೀ ನಮ್ಮೂರ ಗುಡಿ.” ಲೆಕ್ಕ ಸರಿಯಾಗಿಯೇ ಇದೆ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ. ಕನ್ನಡ ನಾಡಿನಲ್ಲಿ ಹಳೇಬೀಡಿನ ನಂತರ ಇದೇ ಶ್ರೇಷ್ಠ ಎಂದು ಪುರಾತತ್ವಜ್ಞ ಹೆನ್ರಿ ಕಸಿನ್ಸ್ ಬರೆದಿದ್ದಾರೆ.

ಭಾರತೀಯ ಪುರಾತತ್ವ ಸರ್ವೇಕ್ಷಣದ ರಕ್ಷಣೆಯಲ್ಲಿರುವ ಗುಡಿಯ ಶಿಖರದ ತುದಿ ಈಗಿಲ್ಲ. ಹಂಪಿ 1986ರಲ್ಲೇ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಬೇಲೂರು, ಹಳೇಬೀಡು, ಸೋಮನಾಥಪುರಗಳ ಸರದಿ 2023ರಲ್ಲಿ ಬಂತು. ಗಂಗಾವತಿ ಕಡೆಯ ಅಂಜನಾದ್ರಿ ಬೆಟ್ಟಕ್ಕೆ ಜನ ತುಂಬಿ ಬರುತ್ತಾರೆ. ಗದಗ–ಕೊಪ್ಪಳ ರಸ್ತೆಯಲ್ಲಿ ಬನ್ನಿಕೊಪ್ಪದ ಬಳಿ ತಿರುಗಿದರೆ ಸಿಗುವ, ಕುಕನೂರಿನಿಂದ ಕೇವಲ 7 ಕಿ.ಮೀ. ದೂರದ ಇಟಗಿಯ ಮಂಟಪ ಮಾತ್ರ ಬಹುತೇಕ ಖಾಲಿ. ಯಲಬುರ್ಗಾ, ಕುಷ್ಟಗಿಯ ಶಾಲೆಗಳ ಮಕ್ಕಳು ಬೇಲೂರಿನ ಪ್ರವಾಸಕ್ಕೆ ಮೊದಲು ತಮ್ಮದೇ ಜಿಲ್ಲೆಯ ಈ ಕಂಬಗಳನ್ನೊಮ್ಮೆ ಎಣಿಸುವಂತಾಗಲಿ. ಚಕ್ರವರ್ತಿಗೆ ಅವನ ನೆಲದವರೇ ಅಪರಿಚಿತರಾಗಿ ಉಳಿಯಬಾರದು.